ಹಶ್ಮತ್ ಬೀಬಿಯ ತಪ್ಪಲೆ

"ಖಾಲಾ, ನೀರು ಸುರೀಬೇಡಿ!"

ಶಾಯಿಸ್ತಾ ಓಡಿಬಂದು ಬಿಲ್ಕೀಸ್ ಖಾಲಾರ ಕೈಯಲ್ಲಿದ್ದ ಚೊಂಬನ್ನು ಹಿಡಿದುಕೊಂಡಳು. ಅರ್ಧ ನೀರು ಅವಳ ಮೇಲೇ ಚೆಲ್ಲಿತು. ಅಂಗಳದ ಮೂಲೆಯ ಒಲೆಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಮೇಲೆ ತಾಮ್ರದ ತಪ್ಪಲೆ, ಸುತ್ತಲೂ ಕಣಕ ಮೆತ್ತಿ ಬಿಗಿದ ಮುಚ್ಚಳ.

"ಹುಚ್ಚಿ, ಒಳಗೆ ನಿಮ್ಮತ್ತೇನ ಮಲಗಿಸಿದ್ದಾರೆ. ಸಾವಿನ ಮನೇಲಿ ಮೂರು ದಿನ ಒಲೆ ಹಚ್ಚಬಾರದು ಅನ್ನೋದು ಲಾಹೋರಿನ ಬೆಕ್ಕಿಗೂ ಗೊತ್ತು."

"ಹಚ್ಚಬಾರದು, ಸರಿ. ಆದ್ರೆ ಇದನ್ನ ಅಮ್ಮೀ ಇದ್ದಾಗಲೇ ಹಚ್ಚಿದ್ದು. ಹಚ್ಚಿದ್ದನ್ನ ಆರಿಸಬೇಕು ಅಂತ ಎಲ್ಲಿದೆ ಖಾಲಾ?"

ಪಕ್ಕದ ಮನೆಯ ಬಿಲ್ಕೀಸ್ ನಲವತ್ತು ವರ್ಷ ಗೋಡೆಯ ಮೇಲಿಂದಲೇ ಶಾಯಿಸ್ತಾಳ ಅತ್ತೆ ಹಶ್ಮತ್ ಬೀಬಿಯ ಜೊತೆ ಜಗಳವಾಡಿದವರು. ಮೂಗರಳಿಸಿ ವಾಸನೆ ಹಿಡಿದರು. ಸೋಂಪು, ಒಣಶುಂಠಿ, ದನದ ಮೂಳೆಯ ಮಜ್ಜೆ. ಅವರ ಕಣ್ಣು ತುಂಬಿಬಂತು.

"ಮುದುಕೀನ ನೋಡು, ಹೋಗುವಾಗಲೂ ನಿಹಾರಿ ಬೇಯಿಸಿಟ್ಟೇ ಹೋದಳು. ಇರಲಿ ಬಿಡು. ಕೇಳಿದವರಿಗೆ ನಾನು ಉತ್ತರ ಕೊಡ್ತೀನಿ."

ಬೇಯಿಸಿದ್ದು ಅತ್ತೆಯಲ್ಲ ಎಂದು ಹೇಳಲು ಬಾಯಿ ತೆರೆದ ಶಾಯಿಸ್ತಾ ಹಾಗೇ ಮುಚ್ಚಿಕೊಂಡಳು.

ಹಶ್ಮತ್ ಬೀಬಿಯ ಮಗಳು ನುಝತ್ ಮುಲ್ತಾನಿನಿಂದ ಬರುವ ಬಸ್ಸು ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ಅವಳು ಮಕ್ಕಳೊಂದಿಗೆ ಒಳಗೆ ಕಾಲಿಟ್ಟಾಗ ಮುಖ ತೋರಿಸುವಷ್ಟೇ ಹೊತ್ತು ಉಳಿದಿತ್ತು. ಗಂಡಸರು ಶವ ಹೊತ್ತು ಗಲ್ಲಿ ದಾಟಿದರು. ಮಂಜಿನೊಳಗಿಂದ ಕಲ್ಮಾ ಪಠಣದ ದನಿ ಮಾತ್ರ ಹೊಸಿಲಲ್ಲಿ ನಿಂತ ಹೆಂಗಸರಿಗೆ ಕೇಳುತ್ತಿತ್ತು.

*

ಹಿಂದಿನ ಸಂಜೆ ಹಶ್ಮತ್ ಬೀಬಿ ಒಲೆಯ ಮುಂದೆ ಹಗ್ಗದ ಮಂಚ ಹಾಕಿಸಿಕೊಂಡು, ರಜಾಯಿ ಹೊದ್ದು ಕೂತಿದ್ದರು. ಪ್ರತಿ ಚಳಿಗಾಲ ಮಗಳ ಸಂಸಾರ ಬಂದ ದಿನ ಈ ಮನೆಯಲ್ಲಿ ನಿಹಾರಿ, ರಾತ್ರಿಯಿಡೀ ಕೆಂಡದ ಮೇಲೆ ಬೇಯುವ ಮಾಂಸದ ಸಾರು. ಅದರಲ್ಲಿ ಶಾಯಿಸ್ತಾಳ ಪಾಲು ಈರುಳ್ಳಿ ಸುಲಿಯುವುದು, ಬೀಸಣಿಗೆ ಬೀಸುವುದು, ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ಮಾಂಸ ಬೆಂದಿದೆಯೋ ಇಲ್ಲವೋ ಎಂದು ನಡುರಾತ್ರಿ ಕಣಕ ಒಡೆದು ಇಣುಕಿಬಿಟ್ಟಿದ್ದಳು. ಘಮವೆಲ್ಲ ಗಾಳಿಪಾಲು. ನುಝತ್ ಆ ಕತೆಯನ್ನು ನೆಂಟರ ಮದುವೆಗಳಲ್ಲೆಲ್ಲ ಹೇಳಿ ನಗಿಸಿದ್ದಳು.

"ಈ ಸಲ ನೀನೇ ಮಾಡು," ಎಂದರು ಹಶ್ಮತ್ ಬೀಬಿ.

"ಅಮ್ಮೀ, ನಾನಾ?"

"ಮತ್ಯಾರು? ನನ್ನ ಕೈ ಸೌಟು ಹಿಡಿದರೆ ಢೋಲಕ್ ಬಾರಿಸುತ್ತೆ."

ಫ್ರೀಜರಿನಿಂದ ಒಂದು ಬಟ್ಟಲು ತರಿಸಿದರು. ಹೋದ ಚಳಿಗಾಲದ ನಿಹಾರಿಯಲ್ಲಿ ಎತ್ತಿಟ್ಟ ರಸ ಅದು. ಒಂದು ತಪ್ಪಲೆಯ ರಸ ಮುಂದಿನ ತಪ್ಪಲೆಗೆ ಹೆಪ್ಪಿನಂತೆ ಬೀಳಬೇಕು. ಅವರ ಅತ್ತೆಯ ಕಾಲದಿಂದಲೂ ಅದು ತಪ್ಪಿರಲಿಲ್ಲ.

"ನುಝತ್‌ಗೆ ಮೊದಲೇ ಹೇಳಬೇಡ. ಹೇಳಿದ್ರೆ ಬಾಯಿಗಿಡೋ ಮುಂಚೇನೇ ಉಪ್ಪು ಜಾಸ್ತಿ ಅಂತಾಳೆ. ತಟ್ಟೆ ನೆಕ್ಕಿದ ಮೇಲೆ ಹೇಳೋಣ. ಆಗ ಅವಳ ಮುಖ ನೋಡಬೇಕು!" ಕೆಮ್ಮು ಬರುವವರೆಗೆ ನಕ್ಕರು.

ಮುಚ್ಚಳಕ್ಕೆ ಕಣಕ ಮೆತ್ತಿ ಶಾಯಿಸ್ತಾ ಕೆಂಡ ತರಲು ಹೋದಳು. ಬಂದಾಗ ಅತ್ತೆ ರಜಾಯಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಬೆಳಗಿನ ನಮಾಜಿಗೆ ಎಬ್ಬಿಸಿದರೆ ಅವರು ಏಳಲಿಲ್ಲ.

*

ಮಣ್ಣು ಕೊಟ್ಟು ಗಂಡಸರು ಮರಳಿದ ಮೇಲೆ ನೆರೆಯವರು ರೊಟ್ಟಿ ತಂದರು. ಸಾವಿನ ಮನೆಗೆ ಬರುವ ಈ ರೊಟ್ಟಿಗೆ ಕಹಿರೊಟ್ಟಿ ಎಂದೇ ಹೆಸರು. ತಪ್ಪಲೆ ನಡುವೆ ಬಂತು. ನುಝತ್ ಚಾಕುವಿನ ಹಿಂಬದಿಯಿಂದ ಕಣಕ ಒಡೆದು ತುಂಡುಗಳನ್ನು ಪಕ್ಕದ ತಟ್ಟೆಗೆ ಹಾಕಿದಳು. ಹಬೆ ಎದ್ದಿತು. ಮೊದಲ ತುತ್ತಿಗೇ ಅವಳು ಬಿಕ್ಕಿದಳು, ಬಿಕ್ಕುತ್ತಲೇ ತನ್ನ ತಟ್ಟೆ ಬಳಿದು ತಿಂದಳು.

"ಅಮ್ಮೀ ಕೈ. ಅದೇ ರುಚಿ. ಇನ್ನು ನಾನು ಯಾತಕ್ಕೆ ಬರಲಿ ಈ ಮನೆಗೆ? ಇದೇ ಕೊನೆ. ಬಳಿದು ತಿನ್ನಿ ಮಕ್ಕಳೇ, ತಳದಲ್ಲಿ ಒಂದು ತೊಟ್ಟೂ ಬಿಡಬೇಡಿ."

ಶಾಯಿಸ್ತಾ ತುತ್ತು ಕೆಳಗಿಟ್ಟಳು. ಸುಮ್ಮನಿದ್ದರೆ ನುಝತ್‌ಗೆ ತಾಯಿಯ ಕೈತುತ್ತು ಉಳಿಯುತ್ತದೆ, ಮುಂದಿನ ಚಳಿಗಾಲದ ತಪ್ಪಲೆಗೆ ಹೆಪ್ಪು ಉಳಿಯುವುದಿಲ್ಲ. ಸೌಟು ತಳ ಕೆರೆಯುವ ಸದ್ದಾಯಿತು.

"ಆಪಾ, ನಿಲ್ಲಿ. ಅದು ನಾನು ಮಾಡಿದ್ದು."

ಎಲ್ಲರ ಕೈ ನಿಂತಿತು.

"ಸುಳ್ಳು!" ನುಝತ್ ಕಿಡಿಯಾದಳು. "ಇವತ್ತೂ ನಿನಗೆ ಹೆಸರು ಬೇಕಾಯ್ತಾ? ಅಮ್ಮೀ ಮೆತ್ತಿದ್ರೆ ಕಣಕದಲ್ಲಿ ಅಮ್ಮೀ ಹೆಬ್ಬೆರಳಿನ ಗುರುತು ಇರುತ್ತೆ, ನೋಡ್ತೀನಿ ತಾಳು."

ಚಿಕ್ಕಂದಿನಲ್ಲಿ ಅವಳೇ ದಡಾರನೆ ಹಾಕಿದ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ತಾಯಿಯ ಹೆಬ್ಬೆರಳು ಅದು. ಅವಳು ಕಣಕದ ತುಂಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದಳು. ಎಲ್ಲದರಲ್ಲೂ ಕಿರಿದಾದ ಬೆರಳಿನ ಗುರುತು. ಅವಳ ಮುಖ ಸಣ್ಣಗಾಯಿತು. ಕೊನೆಯ ತುಂಡಿನಲ್ಲಿ, ಕಣಕದ ಎರಡು ತುದಿ ಕೂಡುವಲ್ಲಿ, ಅಗಲವಾದ ಚಪ್ಪಟೆ ಗುಳಿಯೊಂದಿತ್ತು.

"ಇದು... ಇದು ಅಮ್ಮೀದು."

"ನಾನು ಕೆಂಡ ತರೋಕೆ ಹೋದಾಗ ಒತ್ತಿದ್ದಾರೆ," ಎಂದಳು ಶಾಯಿಸ್ತಾ. ಅವಳೂ ಅದನ್ನು ಈಗಲೇ ನೋಡಿದ್ದು. "ನೀವು ತಟ್ಟೆ ನೆಕ್ಕಿದ ಮೇಲೆ ಹೇಳೋಣ ಅಂದಿದ್ರು ಆಪಾ. ನಿಮ್ಮ ಮುಖ ನೋಡಬೇಕು ಅಂತ ನಗ್ತಿದ್ರು."

ಬಿಲ್ಕೀಸ್ ಮೂಗೊರೆಸಿಕೊಂಡರು. "ಮುದುಕಿ ರುಜು ಹಾಕೇ ಹೋಗಿದ್ದಾಳೆ ಕಣೇ ನುಝತ್. ತಟ್ಟೆಯಂತೂ ನೀನು ನೆಕ್ಕಿದ್ದೀಯ."

ನುಝತ್ ಅಳುತ್ತಲೇ ನಕ್ಕುಬಿಟ್ಟಳು. ಆ ತುಂಡನ್ನು ದುಪಟ್ಟಾದ ಸೆರಗಿಗೆ ಗಂಟು ಹಾಕಿಕೊಂಡಳು. ಮಗನ ಕೈಯಿಂದ ಸೌಟು ಕಸಿದು, ಉಳಿದ ರಸವನ್ನು ಬಟ್ಟಲಿಗೆ ಬಗ್ಗಿಸಿ ಶಾಯಿಸ್ತಾಳ ಮುಂದೆ ಹಿಡಿದಳು.

"ಉಪ್ಪು ಸ್ವಲ್ಪ ಜಾಸ್ತಿ," ಎಂದಳು. "ಮುಂದಿನ ಸಲ ನೋಡಿ ಹಾಕು."

ಶಾಯಿಸ್ತಾ ಫ್ರೀಜರಿನ ಬಾಗಿಲು ತೆಗೆದಳು. ಹಳೆಯ ಬಟ್ಟಲು ಒಂದು ವರ್ಷ ಕೂತಿದ್ದ ಜಾಗದಲ್ಲಿ, ಬಿಳಿ ಹಿಮದ ನಡುವೆ, ದುಂಡನೆಯ ಗುರುತು ಹಾಗೇ ಇತ್ತು. ಬಟ್ಟಲನ್ನು ಅದರೊಳಗೇ ಕೂರಿಸಿದಳು.