ಕುರ್ಚಿಯ ಕಾಲಿನ ಚುಕ್ಕೆಗಳು

ಅಳಿಯ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದ ಕೂಡಲೇ ಅತ್ತೆ ಬೆಚ್ಚಿಬಿದ್ದರು. ಮಾವನ ಹೆಣ ಮಲಗಿಸಲು ಜಾಗ ಬೇಕಲ್ಲ, ಕುರ್ಚಿ ಸರಿಯಲೇಬೇಕು. ಅದು ಸರಿದ ನೆಲದ ಮೇಲೆ ನಾಲ್ಕು ಕೆಂಪು ಚುಕ್ಕೆಗಳಿದ್ದವು, ಕಾಲಿಗೊಂದರಂತೆ.

"ಇದೇನು, ನೆಲಕ್ಕೆ ದಡಾರ ಎದ್ದಿದ್ಯಾ?" ಎಂದರು ಪಕ್ಕದ ಮನೆಯವರು.

"ಅಪ್ಪನ ಕೆಲಸ," ಎಂದಳು ಮಗಳು. "ಕುರ್ಚಿ ಒಂದು ಬೆರಳು ಸರಿದ್ರೂ ಗೊತ್ತಾಗ್ಲಿ ಅಂತ."

ಮಾವನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮೂಲೆಯಿಂದ ಬಾಯಿಬಿಟ್ಟರು. "ಆಫೀಸಲ್ಲೂ ಹಾಗೇ. ಕಂಪ್ಯೂಟರನ್ನ ನಡೆಸೋ ಆಪರೇಟಿಂಗ್ ಸಿಸ್ಟಂನ ತಿರುಳನ್ನ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಅವ್ರ ಒಪ್ಪಿಗೆ ಇಲ್ದೆ ಒಂದಕ್ಷರ ಬದ್ಲಾದ್ರೂ ಕಂಪ್ಯೂಟರ್ ಏಳ್ತಾನೇ ಇರ್ಲಿಲ್ಲ. ನಾವು ಅವ್ರನ್ನ 'ಬೀಗ ಸಾರ್' ಅಂತಿದ್ವಿ."

ಎಲ್ಲರೂ ನಕ್ಕರು. ಹೆಣದ ನೆನಪಾಗಿ ತಟ್ಟನೆ ಚಾಪೆ ಹಾಸತೊಡಗಿದರು.

*

ತಮ್ಮ ಮದುವೆಯಾದ ಹೊಸದರಲ್ಲಿ ಮಾವ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಯಾರೋ ಕಳ್ಳದಾರಿಯಲ್ಲಿ ನುಗ್ಗಿ ತಿರುಳನ್ನೇ ತಿದ್ದಿಬಿಟ್ಟರು. ಪರದೆ ಎಲ್ಲ ಸರಿಯಿದೆ ಎನ್ನುತ್ತಲೇ ಇತ್ತು, ಒಳಗೆ ಔಷಧಿಯ ಅಳತೆ ತಪ್ಪಿತ್ತು. ಒಬ್ಬ ಹೆಂಗಸು ಸತ್ತಳು. ಅವತ್ತು ಮನೆಗೆ ಬಂದವರು ಊಟವನ್ನೂ ಮಾಡದೆ, ಬಣ್ಣದ ಡಬ್ಬಿ ಹಿಡಿದು ನೆಲದ ಮೇಲೆ ಕೂತರು.

"ಕುರ್ಚಿ ಕಿಟಕಿ ಹತ್ರ ಹಾಕ್ಕೊಳ್ಲಾ? ಹೊಲಿಯೋಕೆ ಬೆಳಕಿದೆ," ಎಂದು ಹೆಂಡತಿ ಕೇಳಿದರು.

"ಬೇಡ. ಇವತ್ತು ಕುರ್ಚಿ, ನಾಳೆ ಇನ್ನೊಂದು. ಹೇಗಿದ್ಯೋ ಹಾಗೇ ಇರ್ಲಿ."

ಅವರು ಒಂದೊಂದೇ ಕಾಲಿನ ಕೆಳಗೆ ಕೆಂಪು ಚುಕ್ಕೆ ಇಟ್ಟರು. ಪಾಪ ಎನ್ನಿಸಿ ಆಕೆ ಸುಮ್ಮನಾದರು. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು. ತವರಿಗೆ ಹೋಗಲೂ, ಪರದೆ ಬಟ್ಟೆ ಬದಲಿಸಲೂ ಅವರನ್ನು ಕೇಳಬೇಕಿತ್ತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯವಂತೆ. ಇವರು ಆ ಹಗ್ಗವನ್ನು ತಂದು ಹೆಂಡತಿಯ ಕಾಲಿಗೆ ಕಟ್ಟಿದರು.

*

ಎಲ್ಲ ಮುಗಿಸಿ ಬಂದ ಮೇಲೆ ಮಗಳು ಕುರ್ಚಿಯನ್ನು ಕಿಟಕಿಯ ಬಳಿ ಹಾಕಿ ಅಮ್ಮನನ್ನು ಕೂರಿಸಿದಳು.

"ಇವತ್ತೇ ನಮ್ಮನೆಗೆ ಬಾಮ್ಮ. ಅಲ್ಲಿ ನಿಂಗೆ ಇಷ್ಟ ಬಂದ ಕಡೆ ಕೂತ್ಕೋ."

"ಬರ್ತೀನಿ ಕಣೆ, ಒಂದ್ಮಾತು ಅವ್ರನ್ನ ಕೇಳಿ..." ಎಂದವರು ಬಾಯಿಗೆ ಸೆರಗು ಒತ್ತಿಕೊಂಡರು.

ಬೆಳಗಿನಿಂದ ಬಾರದಿದ್ದ ಅಳು ಮಗಳಿಗೆ ಆಗ ಒತ್ತರಿಸಿಕೊಂಡು ಬಂತು. ಒಳಗೆ ಹೋಗಿ ಅಮ್ಮನ ಸೀರೆಗಳನ್ನು ಚೀಲಕ್ಕೆ ತುಂಬಿದಳು.

ಚೀಲ ಹಿಡಿದು ಹೊರಬಂದಾಗ ಕಿಟಕಿಯ ಬಳಿ ಕುರ್ಚಿ ಇರಲಿಲ್ಲ. ನಡುಮನೆಯಲ್ಲಿ ಅಮ್ಮ ಮೊಣಕಾಲೂರಿ ಕೂತು, ಕುರ್ಚಿಯ ನಾಲ್ಕನೆಯ ಕಾಲನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತಿದ್ದರು, ಕೆಂಪು ಚುಕ್ಕೆ ಪೂರ್ತಿ ಮುಚ್ಚುವವರೆಗೆ.