ಹಗಲು ನಿದ್ದೆಯ ಮನೆ

ಮದುವೆಯಾಗಿ ಆ ಮನೆಗೆ ಹೋದ ಮೊದಲ ವಾರ, ಎಲ್ಲರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದೇ ತಿಳಿದಿದ್ದೆ. ಹಗಲಿನಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಅತ್ತೆ ಕೈಯಲ್ಲಿ ಏನೋ ತೋರಿಸುವರು, ನಾದಿನಿ ಹುಬ್ಬು ಏರಿಸಿ ಉತ್ತರ ಕೊಡುವಳು, ನನ್ನ ಗಂಡ ಲೋಟದ ಅಂಚಿಗೆ ತಾಗದಂತೆ ಚಮಚ ಆಡಿಸಿ ಸಕ್ಕರೆ ಕರಗಿಸುವರು. ನಾನು ಬೆಳೆದದ್ದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ. ನಮ್ಮಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕಿತ್ತು. ಏನು ತಪ್ಪು ಮಾಡಿದೆನೋ ಎಂದು ಒಂದು ಸಂಜೆ ಅತ್ತುಬಿಟ್ಟೆ. ಆಗ ಅತ್ತೆ ಜೋರಾಗಿ ನಕ್ಕರು. ಅವರ ನಗು ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ.

"ಅಯ್ಯೋ ಹುಚ್ಚುಡುಗಿ, ಇದು ಸಿಟ್ಟಲ್ಲ ಕಣೇ, ನಿನ್ನ ಮಾವನ ನಿದ್ದೆ!"

ಮಾವ ರಾತ್ರಿ ಗಾಡಿಯ ಡ್ರೈವರು. ಸಂಜೆ ಹೊರಟು, ಕತ್ತಲಿಡೀ ರೈಲು ಓಡಿಸಿ, ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ನಾಲ್ಕು ಗಂಟೆಗೆ ಏಳುವವರು. ಅವರ ನಿದ್ದೆಯ ಸುತ್ತ ಆ ಮನೆಯನ್ನು ಹೇಗೆ ಕಟ್ಟಿದ್ದರು ಎಂದು ಹೇಳಲು ಹೊರಟರೆ ನನಗೆ ಸರಿಯಾಗಿ ಬರುವುದೋ ಇಲ್ಲವೋ. ನಾನು ಅಲ್ಲಿಯವರೆಗೆ ಕಂಡಿದ್ದ ಅಚ್ಚುಕಟ್ಟೆಲ್ಲ ಕಣ್ಣಿಗಾಗಿ ಮಾಡಿದ್ದು. ಇದು ಕಿವಿಗಾಗಿ. ತಟ್ಟೆಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ, ಮಡಿಸಿದ ಟವೆಲ್ಲಿನ ಪದರಗಳ ನಡುವೆ ನಿಲ್ಲುತ್ತಿದ್ದವು. ಚಮಚಗಳಿಗೆ ಒಂದೊಂದಕ್ಕೂ ಬಟ್ಟೆಯ ಜೇಬು. ನಲ್ಲಿಯ ಮೂತಿಗೆ ಒಂದು ಹಳೆಯ ಬಟ್ಟೆಯ ಪಟ್ಟಿ ಕಟ್ಟಿ ಬಕೆಟ್ಟಿನ ತಳದವರೆಗೆ ಇಳಿಬಿಟ್ಟಿದ್ದರು; ನೀರು ಅದರ ಗುಂಟ ಜಾರಿ ಒಳ್ಳೆ ಎಣ್ಣೆಯ ಹಾಗೆ ಇಳಿಯುತ್ತಿತ್ತು. ಕುರ್ಚಿಗಳು ಮಕ್ಕಳ ಹಳೆಯ ಕಾಲ್ಚೀಲ ತೊಟ್ಟಿದ್ದವು. ಕರೆಗಂಟೆ ಇರಲಿಲ್ಲ, ಗೇಟಿನ ಬಳಿ ಒಂದು ದಾರ, ಅದನ್ನು ಎಳೆದರೆ ಅಡುಗೆಮನೆಯ ಗೋಡೆಯ ಮೇಲೊಂದು ಕೆಂಪು ಬಟ್ಟೆಯ ಚೂರು ಕುಣಿಯುತ್ತಿತ್ತು. ಪ್ರತಿ ವಸ್ತುವಿಗೂ ಒಂದೇ ಜಾಗ, ಎಂದೆಂದೂ ಅದೇ ಜಾಗ. "ಹುಡುಕೋದೇ ದೊಡ್ಡ ಗಲಾಟೆ ಕಣೇ," ಎನ್ನುತ್ತಿದ್ದರು ಅತ್ತೆ.

ಎರಡು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಮಾವನ ಕೋಣೆಯಲ್ಲಿ ಗರ್ರ್-ಟಕ್, ಗರ್ರ್-ಟಕ್ ಎಂದು ಅರಚುವ ಹಳೆಯ ಸ್ಟ್ಯಾಂಡ್ ಫ್ಯಾನು. ಇಷ್ಟೆಲ್ಲ ಮಾಡಿದವರು ಅದಕ್ಕೊಂದು ಹನಿ ಎಣ್ಣೆ ಬಿಡಬಾರದೇ? ಇನ್ನೊಂದು, ಆ ಕೋಣೆಯ ಗೋಡೆಗೆ ಅಂಟಿಸಿಕೊಂಡು ಹಜಾರದಲ್ಲಿಟ್ಟ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು. ಅದಕ್ಕೆ ಸೂಜಿಯೂ ಇಲ್ಲ, ದಾರವೂ ಇಲ್ಲ; ಅತ್ತೆಗೆ ಹೊಲಿಗೆಯೇ ಬರುವುದಿಲ್ಲ. ಆದರೂ ಅದರ ಮೇಲೆ ಒಂದು ಕಣ ಧೂಳಿರಲಿಲ್ಲ.

ಇದಕ್ಕೆಲ್ಲ ಒಗ್ಗಿಕೊಳ್ಳುತ್ತಿರುವಾಗಲೇ, ನನಗೆ ಕೆಲಸಕ್ಕೆ ರಜೆಯಿದ್ದ ಒಂದು ದಿನ ನನ್ನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿತು. ಅದು ಬಿದ್ದು, ಉರುಳಿ, ಸುತ್ತಿ ಸುತ್ತಿ ನಿಲ್ಲುವವರೆಗೆ ಯಾರೂ ಉಸಿರಾಡಲಿಲ್ಲ. ಮಾವ ಎದ್ದು ಬಂದರು. ಸಂಜೆ ಸ್ಟೇಷನ್ನಿಗೆ ಹೋಗಿ, "ಇವತ್ತು ನಿದ್ದೆ ಸಾಲದು, ನನಗೆ ಗಾಡಿ ಕೊಡಬೇಡಿ" ಎಂದು ತಾವೇ ಹೇಳಿ ಮನೆಗೆ ವಾಪಸಾದರು. ನಿದ್ದೆ ಕೆಟ್ಟ ದಿನ ಅವರು ಎಂಜಿನ್ ಹತ್ತುವುದಿಲ್ಲ, ಮೇಲಿನವರು ಏನೇ ಅಂದುಕೊಳ್ಳಲಿ. ಆ ರಾತ್ರಿ ಅವರು ಹಜಾರದಲ್ಲಿ ಸುಮ್ಮನೆ ಕೂತಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಹೀಗಿರುವಾಗ ಅತ್ತೆಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಗಂಡ ಅವರ ಜೊತೆ ಆಸ್ಪತ್ರೆಗೆ ಹೋಗಬೇಕು, ನಾದಿನಿಗೆ ಪರೀಕ್ಷೆ. ನಾನು ಲೆಕ್ಕ ಬರೆಯುವ ಔಷಧಿ ಅಂಗಡಿಗೆ ರಜೆ ಹಾಕಿದೆ. ಮೊದಲ ಬಾರಿಗೆ ಮಾವನ ನಿದ್ದೆಯನ್ನು ನನ್ನ ಕೈಗೊಪ್ಪಿಸಿ ಅವರೆಲ್ಲ ಹೊರಟರು.

"ಹೆದರಬೇಡ, ಮನೆ ತಾನೇ ನೋಡ್ಕೊಳ್ಳುತ್ತೆ," ಎಂದರು ಅತ್ತೆ ಬಾಗಿಲಲ್ಲಿ, ಪಿಸುದನಿಯಲ್ಲಿ.

"ಮನೆ ನೋಡ್ಕೊಳ್ಳುತ್ತೆ ಅತ್ತೆ. ನನ್ನ ಕೈಯದೇ ಭರವಸೆ ಇಲ್ಲ."

"ಅತ್ತಿಗೆ, ಸೀನು ಬಂದ್ರೆ ಶೆಲ್ಫಿನಲ್ಲಿ ದಿಂಬಿದೆ. ಮುಖ ಪೂರ್ತಿ ಒತ್ಕೋಬೇಕು, ಅರ್ಧಂಬರ್ಧ ಅಲ್ಲ," ಎಂದಳು ನಾದಿನಿ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಹೋಗಿ ನೋಡಿದರೆ ದಿಂಬು ನಿಜಕ್ಕೂ ಇತ್ತು.

ಅವರು ಹೋದ ಮೇಲೆ ನಾನು ಅಡುಗೆಮನೆಯ ನಡುವೆ ಕೈಕಟ್ಟಿ ನಿಂತೆ. ಏನನ್ನೂ ಮುಟ್ಟದಿದ್ದರೆ ಏನೂ ಬೀಳುವುದಿಲ್ಲ ಎನ್ನುವುದೇ ನನ್ನ ಉಪಾಯ. ಸ್ವಲ್ಪ ಹೊತ್ತಿಗೆ ಕೆಂಪು ಬಟ್ಟೆ ಕುಣಿಯಿತು. ಗೇಟಿನಲ್ಲಿ ಗ್ಯಾಸ್ ಸಿಲಿಂಡರಿನವನು.

ನಮ್ಮ ಗಿರಣಿ ಬೀದಿಯಲ್ಲಿ ಸಿಲಿಂಡರು ಬಂತೆಂದರೆ ಮಲಗಿದ್ದ ನಾಯಿಗಳೆಲ್ಲ ಎದ್ದು ಓಡುತ್ತಿದ್ದವು. ಬೇಡವೆಂದು ಕೈಯಾಡಿಸಿದೆ. ಅವನು ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟ. ಸಿಲಿಂಡರನ್ನು ಹೆಗಲಿಗೇರಿಸಿ ಬರಿಗಾಲಲ್ಲಿ ಒಳಬಂದು, ಬಾಗಿಲ ಹಿಂದಿದ್ದ ಗೋಣಿತಾಟನ್ನು ಒಂದೇ ಕೈಯಲ್ಲಿ ಎಳೆದು ಹಾಸಿದ. ಅಲ್ಲೊಂದು ಗೋಣಿತಾಟು ಇದೆಯೆಂದು ನನಗೇ ಗೊತ್ತಿರಲಿಲ್ಲ. ತೊಟ್ಟಿಲಲ್ಲಿ ಕೂಸು ಮಲಗಿಸುವವನ ಹಾಗೆ ಬಗ್ಗಿ, ಅಷ್ಟು ಭಾರದ ಕಬ್ಬಿಣವನ್ನು ನೆಲಕ್ಕಿಟ್ಟ. ಸದ್ದಿಲ್ಲ! ಆಮೇಲೆ ಕತ್ತು ವಾಲಿಸಿ ಮಾವನ ಕೋಣೆಯತ್ತ ಕಿವಿಗೊಟ್ಟ.

ಗರ್ರ್-ಟಕ್. ಗರ್ರ್-ಟಕ್.

"ಹಾಂ, ಗಾಡಿ ಓಡ್ತಾ ಇದೆ," ಎಂದು ಪಿಸುಗುಟ್ಟಿ ಖಾಲಿ ಸಿಲಿಂಡರು ಹೊತ್ತು ಹೊರಟುಹೋದ.

ಅವನ ಬೆನ್ನನ್ನೇ ನೋಡುತ್ತ ಕಿಟಕಿಯಲ್ಲಿ ನಿಂತೆ. ನಮ್ಮ ಬೀದಿಯನ್ನು ಹಗಲಿನಲ್ಲಿ ಅಷ್ಟು ಹೊತ್ತು ನೋಡಿದ್ದು ಅಂದೇ. ಬೀದಿಯ ಆ ತುದಿಯಿಂದ ಬಾಯಿತುಂಬ ಕೂಗುತ್ತ ಬಂದ ತರಕಾರಿಯವನು ನಮ್ಮ ಮನೆಗೆ ಇನ್ನೂ ಮೂರು ಮನೆ ಇರುವಾಗಲೇ ಬಾಯಿ ಮುಚ್ಚಿದ. ಗಾಡಿಯನ್ನು ತಳ್ಳುವುದು ಬಿಟ್ಟು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದು, ಕಿಟಕಿಯ ಮುಂದೆ ಒಂದು ಟೊಮೇಟೊ ಎತ್ತಿ ತೋರಿಸಿದ. ಬೇಡವೆಂದೆ. ಎಲೆಕೋಸು ಎತ್ತಿದ. ಬೇಡವೆಂದೆ. ಎದೆಯ ಮೇಲೆ ಕೈಯಿಟ್ಟು, ಈಗಲೇ ಪ್ರಾಣ ಹೋಯಿತೆನ್ನುವಂತೆ ಕಣ್ಣು ಮೇಲೆ ಮಾಡಿದ. ನಗು ತಡೆಯಲಾರದೆ ನಾನು ದಿಂಬು ತರಲು ಓಡಬೇಕಾಯಿತು. ಎದುರಿನ ಅಂಗಳದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ಚೆಂಡು ಬಟ್ಟೆಯದು. ಔಟಾದವನು ಬಾಯಿ ಅಗಲ ಮಾಡಿ, ಸದ್ದೇ ಇಲ್ಲದೆ, ಎಂಥ ಜಗಳ ಆಡುತ್ತಿದ್ದನೆಂದರೆ! ಇದು ಒಂದು ಮನೆಯ ಅಭ್ಯಾಸ ಎಂದುಕೊಂಡಿದ್ದೆ. ಇಡೀ ಬೀದಿ ಬೆರಳ ತುದಿಯಲ್ಲಿ ನಡೆಯುತ್ತಿತ್ತು.

ಆಗ ಕರೆಂಟು ಹೋಯಿತು.

ಮೊದಲು ನನಗೆ ಏನೂ ಅನಿಸಲಿಲ್ಲ. ಒಂದು ಸದ್ದು ಕಡಿಮೆಯಾಯಿತು, ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಫ್ಯಾನು ನಿಧಾನವಾಯಿತು. ಗರ್ರ್ರ್... ಟಕ್. ಗರ್ರ್ರ್ರ್... ಬಾಗಿಲ ಸಂದಿಯಿಂದ ಇಣುಕಿದೆ. ಮಲಗಿದ್ದ ಮಾವನ ಹುಬ್ಬು ಗಂಟಾಗಿತ್ತು. ಬಲಗೈ ಹಾಸಿಗೆಯ ಮೇಲೆ ಏನನ್ನೋ ಹುಡುಕುತ್ತಿತ್ತು, ಹಿಡಿಯುವುದಕ್ಕೆ, ಎಳೆಯುವುದಕ್ಕೆ. ಸಿಲಿಂಡರಿನವನ ಮಾತು ಆಗ ನನಗೆ ಹೊಳೆಯಿತು. ಅವರಿಗೆ ಅದು ಫ್ಯಾನಲ್ಲ. ಇಷ್ಟು ವರ್ಷ ಎಂಜಿನ್ನಿನ ಸದ್ದಿನೊಳಗೇ ಬದುಕಿದ ಕಿವಿಗೆ, ಸದ್ದು ನಿಂತಿತೆಂದರೆ ಎಲ್ಲೋ ಏನೋ ಕೆಟ್ಟಿತು ಎಂದೇ ಅರ್ಥ. ಆ ಮನೆ ಉಳಿದ ಸದ್ದನ್ನೆಲ್ಲ ಮುಚ್ಚಿಡುತ್ತಿದ್ದದ್ದು ಈ ಒಂದು ಸದ್ದು ಕೇಳಿಸಲೆಂದು.

ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಹಿತ್ತಲ ಕಿಟಕಿಯ ಕಡೆ ಏನೋ ಅಲ್ಲಾಡಿತು. ಪಕ್ಕದ ಮನೆಯ ಟೈಲರಕ್ಕ. ಸರಳು ಹಿಡಿದು ಕಣ್ಣರಳಿಸಿ, ತಮ್ಮ ಕಾಲನ್ನು ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದರು. ಹುಚ್ಚು ಹಿಡಿಯಿತೇ ಇವರಿಗೆ ಎಂದುಕೊಂಡು, ಮರುಕ್ಷಣ ತಿರುಗಿ ನೋಡಿದೆ. ಹೊಲಿಗೆ ಮಷೀನು!

ಹೋಗಿ ಕೂತು ತುಳಿದೆ. ಚಕ್ರ ಹಿಂದಕ್ಕೆ ಹೋಯಿತು, ಸಿಕ್ಕಿಕೊಂಡಿತು, ಕೈಯಲ್ಲಿ ತಿರುಗಿಸಿದೆ, ಮತ್ತೆ ತುಳಿದೆ. ಗರ್ರ್... ನಿಂತಿತು. ಗರ್ರ್... ಟಕ್ ಟಕ್... ನಿಂತಿತು. ಅಷ್ಟರಲ್ಲಿ ಟೈಲರಕ್ಕ ಹಿತ್ತಲ ಬಾಗಿಲಿಂದ ಬರಿಗಾಲಲ್ಲಿ ಒಳಬಂದು, ನನ್ನ ಪಾದದ ಪಕ್ಕ ತಮ್ಮ ಪಾದ ಇಟ್ಟರು.

"ಒದೀಬೇಡ ಕಣಮ್ಮಾ, ಅದೇನು ನಿನ್ನ ಗಂಡನಾ? ತೂಗು. ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು."

ಇಬ್ಬರ ಪಾದಗಳೂ ಪೆಡಲಿನ ಮೇಲೆ ಸ್ವಲ್ಪ ಹೊತ್ತು ಜೊತೆಗೆ ಆಡಿದವು. ಮೆಲ್ಲಗೆ ಸದ್ದು ಹದಕ್ಕೆ ಬಂತು. ಗರ್ರ್-ಟಕ್. ಗರ್ರ್-ಟಕ್. ಗೋಡೆ ಸಣ್ಣಗೆ ಕಂಪಿಸುತ್ತಿತ್ತು. ಬಾಗಿಲ ಸಂದಿಯಲ್ಲಿ ನೋಡಿದೆ: ಮಾವನ ಹುಬ್ಬಿನ ಗಂಟು ಬಿಚ್ಚಿತು, ಕೈ ಮಗ್ಗುಲಿಗೆ ಜಾರಿತು.

"ಸೆಖೆ ಆಗಲ್ವಾ ಅಕ್ಕ, ಗಾಳಿ ಇಲ್ಲದೆ?"

"ಎಂಜಿನ್ನಲ್ಲಿ ಬೆಂದೋರಿಗೆ ಎಂಥ ಸೆಖೆ? ನೀನು ನಿಲ್ಲಿಸಬೇಡ ಅಷ್ಟೆ."

ಕರೆಂಟು ಬರಲಿಲ್ಲ. ನನ್ನ ಮೀನಖಂಡ ಉರಿಯತೊಡಗಿತು. ಎಲ್ಲಿ ತಾಳ ತಪ್ಪುತ್ತೇನೋ ಎಂಬ ಭಯಕ್ಕೆ ಪೆಡಲಿನಿಂದ ಕಣ್ಣು ಕೀಳಲೂ ಆಗುತ್ತಿರಲಿಲ್ಲ. ಹಾಗೆ ನೋಡುತ್ತಿದ್ದಾಗಲೇ ಅದರ ಅಂಚಿಗೆ ಒಂದು ಗಂಡಸಿನ ಪಾದ ಬಂತು. ತಲೆಯೆತ್ತಿದರೆ ಮಹಡಿ ಮನೆಯ ನಿವೃತ್ತ ಮೇಷ್ಟ್ರು, ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ. ಕಣ್ಸನ್ನೆಯಲ್ಲಿ ಏಳೆಂದರು. ನಾನು ಅರ್ಧ ಎದ್ದೆ, ಅವರು ಅರ್ಧ ಕೂತರು. ನನ್ನ ಪಾದ ಹೊರಬರುತ್ತಿದ್ದಂತೆ ಅವರ ಪಾದ ಒಳಹೋಯಿತು. ಒಂದು ಟಕ್ ಕೂಡ ತಪ್ಪಲಿಲ್ಲ. ಇದನ್ನು ಇವರು ಅದೆಷ್ಟು ಸಲ ಮಾಡಿದ್ದಾರೋ!

"ಮೇಷ್ಟ್ರೇ, ಬೆನ್ನು ನೆಟ್ಟಗೆ. ಕ್ಲಾಸಲ್ಲಿ ನಿದ್ದೆ ಮಾಡೋ ಹುಡುಗನ ಹಾಗೆ ಕೂರಬೇಡಿ," ಎಂದು ಟೈಲರಕ್ಕ ಕಿವಿಯಲ್ಲಿ ಉಸುರಿದರು.

"ನನ್ನ ಕ್ಲಾಸಲ್ಲಿ ಎಲ್ಲರೂ ಹಾಗೇ ಕೂರ್ತಿದ್ರಮ್ಮ, ಅದೇ ಅಭ್ಯಾಸ."

ಮೇಷ್ಟ್ರಾದ ಮೇಲೆ ತರಕಾರಿಯವನು. ಅವನಾದ ಮೇಲೆ ಮತ್ತೆ ಟೈಲರಕ್ಕ. ಹಿತ್ತಲ ಮೆಟ್ಟಿಲ ಮೇಲೆ ಅವರೆಲ್ಲರ ಚಪ್ಪಲಿಗಳು ಸಾಲಾಗಿದ್ದವು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಆ ಬೆವೆತ ಮುಖಗಳನ್ನು ನೋಡುತ್ತಿದ್ದೆ. ಯಾವ ಬಟ್ಟೆಯನ್ನೂ ಹೊಲಿಯದೆ ಆ ಮಷೀನು ಓಡುತ್ತಲೇ ಇತ್ತು. ಕೇಳದಿರಲು ಆಗಲಿಲ್ಲ.

"ನೀವೆಲ್ಲ ಯಾಕೆ ಅಕ್ಕ ಇಷ್ಟೊಂದು...?"

ಟೈಲರಕ್ಕ ತುಳಿಯುವುದನ್ನು ನಿಲ್ಲಿಸದೆ ನನ್ನ ಕಡೆ ನೋಡಿದರು. ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

"ನನ್ನ ಮಗಳು ತಿಂಗಳಿಗೊಮ್ಮೆ ಅದೇ ಗಾಡೀಲಿ ಬರ್ತಾಳೆ. ಹತ್ತಿದ ತಕ್ಷಣ ಹೊದ್ದು ಮಲಗಿಬಿಡ್ತಾಳೆ, ಇಳಿಯೋ ಸ್ಟೇಷನ್ನು ದಾಟಿದ್ರೂ ಏಳಲ್ಲ, ಅಂಥ ಕುಂಭಕರ್ಣಿ. ಅವಳು ಹಾಗೆ ಮಲಗಬೇಕಲ್ಲ? ಹೋಗು, ನೀರು ತಾ. ಮಾತು ಜಾಸ್ತಿಯಾಯ್ತು ನಿಂದು."

ಕೊನೆಯ ಸರದಿ ನಾನೇ ಕೇಳಿ ತೆಗೆದುಕೊಂಡೆ. ಹಿಮ್ಮಡಿ, ಬೆರಳು. ಯೋಚನೆ ಮಾಡಿದರೆ ತಪ್ಪುತ್ತಿತ್ತು, ಮಾಡದಿದ್ದರೆ ಸರಿಯಾಗುತ್ತಿತ್ತು. ಗೋಡೆಯಾಚೆ ಒಬ್ಬ ಮನುಷ್ಯನ ನಿದ್ದೆ ನನ್ನ ಅಂಗಾಲಿನ ಮೇಲೆ ನಿಂತಿತ್ತು. ನನ್ನ ಎಡವಟ್ಟು ಕಾಲಿನ ಮೇಲೆ! ಯಾವಾಗ ನಾಲ್ಕಾಯಿತೋ ತಿಳಿಯಲಿಲ್ಲ. ಒಳಗೆ ಕೆಮ್ಮಿದ ಸದ್ದಾಯಿತು. ನಾನು ಪಾದ ತೆಗೆದು ಹಿಂದೆ ನೋಡಿದರೆ ಹಜಾರ ಖಾಲಿ. ಮೆಟ್ಟಿಲ ಮೇಲೆ ಒಂದು ಚಪ್ಪಲಿಯೂ ಇರಲಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು. ಒಮ್ಮೆ ನಿಂತ ಫ್ಯಾನಿನ ಕಡೆ ನೋಡಿದರು, ಒಮ್ಮೆ ಇನ್ನೂ ತಾನಾಗಿ ತಿರುಗುತ್ತಿದ್ದ ಚಕ್ರದ ಕಡೆ.

"ಕರೆಂಟು ಯಾವಾಗ ಹೋಯ್ತಮ್ಮ?"

"ಆಗಲೇ ಹೋಯ್ತು ಮಾವ. ತರಕಾರಿಯವನು ಬಂದಾಗ. ನಿಮಗೆ... ನಿದ್ದೆ..."

ಅವರು ಮೈಮುರಿದು, ಮಕ್ಕಳ ಹಾಗೆ ಬಾಯಿತುಂಬ ಆಕಳಿಸಿದರು.

"ಬಂತಲ್ಲ, ಕನಸೂ ಬಿತ್ತು. ಯಾರೋ ಹೊಸ ಹುಡುಗ ಗಾಡಿ ಓಡಿಸ್ತಿದ್ದ. ಶುರುವಿನಲ್ಲಿ ಜರ್ಕೋ ಜರ್ಕು, ಡಬ್ಬಿಗಳೆಲ್ಲ ಕಳಚಿ ಬೀಳ್ತವೇನೋ ಅನ್ನೋ ಹಾಗೆ. ಬ್ರೇಕು ಹಿಡಿಯೋಣ ಅಂತ ಕೈ ಹಾಕಿದೆ. ಅಷ್ಟರಲ್ಲಿ ಅವನಿಗೆ ಹಿಡಿತ ಸಿಕ್ತು. ಆಮೇಲೆ ನಾನು ಅವನ ಪಕ್ಕದಲ್ಲೇ ಕೂತು ನಿದ್ದೆ ಹೋಗ್ಬಿಟ್ಟೆ. ನಲವತ್ತು ವರ್ಷದಲ್ಲಿ ಎಂಜಿನ್ನೊಳಗೆ ನಿದ್ದೆ ಮಾಡಿದ್ದು ಇದೇ ಮೊದಲು." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಪರವಾಗಿಲ್ಲ ಆ ಹುಡುಗ," ಎಂದರು. ಸ್ನಾನಕ್ಕೆ ಹೋದರು.

ನಾನು ಕೂತಲ್ಲೇ ಕೂತಿದ್ದೆ.

ಚಹಾ ಕುಡಿದು, ಚೀಲ ಹೆಗಲಿಗೆ ಹಾಕಿ, ಮಾವ ಬೀದಿಗಿಳಿದರು. ದಾರಿಯುದ್ದ ಯಾರೂ ಅವರನ್ನು ವಿಶೇಷವಾಗಿ ನೋಡಲಿಲ್ಲ. ಟೈಲರಕ್ಕ ಕತ್ತರಿ ಆಡಿಸುತ್ತಿದ್ದರು, ಮೇಷ್ಟ್ರು ಮಹಡಿಯಲ್ಲಿ ಪೇಪರು ಓದುತ್ತಿದ್ದರು. ಮಾವ ತಿರುವು ದಾಟಿ ಮರೆಯಾದರು. ಒಂದು ಗಳಿಗೆ ಹಾಗೇ ಕಳೆಯಿತು. ಆಮೇಲೆ ಬೀದಿಗೆ ಬೀದಿಯೇ ಬಾಯಿಬಿಟ್ಟಿತು. ಒಂದು ಮನೆಯಲ್ಲಿ ಕುಕ್ಕರು ಕೂಗಿತು, ಇನ್ನೊಂದರಲ್ಲಿ ಯಾರೋ ಮೊಳೆ ಹೊಡೆದರು, ಹಿಂದಿನ ಸಾಲಿನಲ್ಲಿ ಒಂದು ಕೂಸು ಕಿರುಚಿತು. ಔಟಾಗಿದ್ದ ಹುಡುಗ ಮಧ್ಯಾಹ್ನದ ಜಗಳವನ್ನು ಈಗ ಮೊದಲಿನಿಂದ, ದನಿ ಸಮೇತ ಶುರುಮಾಡಿದ. ಅಷ್ಟು ಸದ್ದು ದಿನವಿಡೀ ಎಲ್ಲಿ ಕೂತಿತ್ತು? ಅಷ್ಟೊಂದು ಜನ ಅದನ್ನು ಹೇಗೆ ಹಿಡಿದಿಟ್ಟಿದ್ದರು? ನಾನು ಬಾಗಿಲ ಚೌಕಟ್ಟು ಹಿಡಿದು ಕೇಳುತ್ತ ನಿಂತೆ. ಕಣ್ಣು ತುಂಬಿಬಂತು.

ಆ ಗದ್ದಲದೊಳಗೇ ಆಟೋ ಬಂದು ನಿಂತಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ, ನನ್ನ ಗಂಡನ ತೋಳು ಹಿಡಿದು ಇಳಿದರು. ಒಳಬರುತ್ತಲೇ ಇನ್ನೊಂದು ಕಣ್ಣು ಮೊದಲು ಹುಡುಕಿದ್ದು ಮಾವನ ಚೀಲ ತೂಗುವ ಮೊಳೆಯನ್ನು.

"ಹೋದ್ರೇನೇ?"

"ಹೋದ್ರು ಅತ್ತೆ."

"ಡ್ಯೂಟಿಗೇ ತಾನೇ?"

"ಡ್ಯೂಟಿಗೇ."

ಅತ್ತೆ ಗೋಡೆಗೆ ಒರಗಿ ಉಸಿರುಬಿಟ್ಟರು. ಅನಂತರ ಮೊಳೆ ಹೊಡೆಯುವ ಸದ್ದನ್ನೂ ಮೀರಿ ಕೂಗಿದರು:

"ಮತ್ತೆ ಇನ್ನೂ ಯಾಕೆ ಪಿಸುಗುಟ್ತೀಯ? ಒಂದು ಅಕ್ಷರ ಕೇಳಿಸ್ತಿಲ್ಲ!"