ಆ ‘ಹೂಂ’ ಯಾರದು?

ಮೇಘಶ್ರೀ ಹಟ ಹಿಡಿದರೆ ಮುಗಿಯಿತು, ಬಿಡಿಸುವುದು ಹೆತ್ತವರ ಕೈಯಲ್ಲೂ ಆಗದ ಮಾತು. ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಹಿಡಿದ ಸಂಶೋಧನೆಯೂ ಅಂಥದ್ದೇ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ, ಆ ಗದ್ದಲದೊಳಗಿಂದ ಒಬ್ಬೊಬ್ಬರ ದನಿಯನ್ನು ಕಂಪ್ಯೂಟರಿನಲ್ಲಿ ಬೇರೆ ಮಾಡುವುದು. ನಮ್ಮ ಕಡೆ ಮದುವೆಮನೆಗೆ ತಂದರೆ ನಿನ್ನ ಕಂಪ್ಯೂಟರು ತಲೆ ಕೆಟ್ಟು ಓಡಿಹೋಗುತ್ತೆ ಅಂತ ಕೊಟ್ರೇಶ್ ಕಿಚಾಯಿಸುತ್ತಿದ್ದ. ಅವನೂ ಅಲ್ಲೇ ಸಂಶೋಧಕ. ಹಳೆಯ ಕರೆಂಟ್ ಟವರುಗಳಿಗೆ ಹೊಸ ಉಕ್ಕಿನ ಪಟ್ಟಿ ಸೇರಿಸಿ, ಬಿರುಗಾಳಿಗೂ ಜಗ್ಗದಂತೆ ಮಾಡುವುದು ಅವನ ವಿಷಯ.

ಹಿರಿಯೂರು ದಾರಿಯ ಗುಡ್ಡದ ಮೇಲೆ, ತಂತಿ ಕಳಚಿ ಬಿಟ್ಟಿದ್ದ ಒಂದು ಟವರಿನಲ್ಲಿ ಇಬ್ಬರ ಕೆಲಸವೂ ಜೊತೆಗೇ ನಡೆದಿತ್ತು. ಮೇಲೆ ಹತ್ತಿದವರು ಟವರ್ ಕೆಲಸದ ಕಂಟ್ರಾಕ್ಟರ್ ಕಳಿಸಿದ್ದ ದುರುಗೇಶ್ ಮತ್ತು ತಿಪ್ಪೇಶ್. ಎಲ್ಲರ ಕೈಯಲ್ಲೂ ವಾಕಿಟಾಕಿ. ಗಾಳಿಯಲ್ಲಿ ಬೆರೆತ ಮಾತು ಪುಕ್ಕಟೆ ಸಿಗುತ್ತದಲ್ಲ ಅಂತ ಮೇಘಶ್ರೀ ಅದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ತಿಪ್ಪೇಶ್ ಆಚೆ ಮಗ್ಗುಲಲ್ಲಿ ತಾತ್ಕಾಲಿಕ ಆಸರೆ ಕಟ್ಟಬೇಕು, ಕೆಳಗಿನಿಂದ ಅಪ್ಪಣೆ ಬರಬೇಕು, ಆಮೇಲೆ ದುರುಗೇಶ್ ಈಚೆ ಮಗ್ಗುಲಿನ ಹಳೆಯ ಪಟ್ಟಿ ಬಿಚ್ಚಬೇಕು. ಆವತ್ತು ಆಸರೆ ಕೂರುವ ಮೊದಲೇ ದುರುಗೇಶ್ ಬೋಲ್ಟು ಬಿಚ್ಚಿಬಿಟ್ಟ. ಟವರಿನ ಕಾಲು ಸೊಟ್ಟಗಾಯಿತು. ಅವನು ಬೆಲ್ಟಿಗೆ ಜೋತುಬಿದ್ದ, ಭುಜದ ಕೀಲು ತಪ್ಪಿತು.

ನಾನು ಕೇಳಿಯೇ ಬಿಚ್ಚಿದ್ದು, ಕೆಳಗಿನಿಂದ ಹೂಂ ಅಂದರು ಅಂತ ದುರುಗೇಶ್ ಬಡಕೊಂಡ. ಯಾರು ಅಂದದ್ದು ಅಂದರೆ ಗೊತ್ತಿಲ್ಲ. ಮೇಘಶ್ರೀ ರೆಕಾರ್ಡಿಂಗಿನ ದನಿಗಳನ್ನು ಬೇರೆ ಮಾಡಿ ನೋಡಿ, ಯಾರೂ ಅಪ್ಪಣೆ ಕೊಟ್ಟಿಲ್ಲ ಅಂತ ವರದಿ ಬರೆದುಕೊಟ್ಟಳು. ಕಂಟ್ರಾಕ್ಟರಿಗೆ ಅಷ್ಟೇ ಸಾಕಾಗಿತ್ತು. ಇನ್ನು ನೀನು ಟವರ್ ಮುಟ್ಟಬೇಡ ಅಂದುಬಿಟ್ಟ. ಪ್ರಿನ್ಸಿಪಾಲರ ಮುಂದೆ ಕೊನೆಯ ವಿಚಾರಣೆಯೊಂದು ಬಾಕಿಯಿತ್ತು. ಟವರ್ ಹತ್ತುವುದು ಬಿಟ್ಟರೆ ದುರುಗೇಶನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಅನುಸೂಯ ಮದಕರಿಪುರದಿಂದ ಲ್ಯಾಬಿಗೇ ಬಂದಳು. ಅಳಲಿಲ್ಲ, ಕೈ ಮುಗಿಯಲಿಲ್ಲ.

“ನಮ್ಮನೆಯವ್ರು ಸುಳ್ಳು ಹೇಳಲ್ಲ ಮೇಡಂ. ಆ ಹೂಂ ಎಲ್ಲಿ ಹೋತು, ಹುಡುಕಿಕೊಡ್ರಿ.”

ಮಷೀನು ಸುಳ್ಳು ಹೇಳಲ್ಲಮ್ಮ ಅಂತ ಮೇಘಶ್ರೀ ಸಿಡುಕಿಯೇ ಕಳಿಸಿದಳು. ಕಳಿಸಿದ ಮೇಲೆ ಚುರುಕ್ ಅಂದಿತು. ಆ ಮಷೀನಿಗೆ ಪಾಠ ಹೇಳಿದವಳು ತಾನೇ ಅಲ್ಲವೇ? ಕೆಮ್ಮು, ನಿಟ್ಟುಸಿರು, ಹಾಂ, ಹೂಂ ಎಲ್ಲ ಕಸ, ಎತ್ತಿ ಬಿಸಾಕು ಅಂತ ಕಲಿಸಿದ್ದಳು. ಅಯ್ಯೋ ಶಿವನೇ, ನಮ್ಮ ಜನ ಹೂಂ ಇಲ್ಲದೆ ಬದುಕುತ್ತಾರೆಯೇ! ಒಪ್ಪಿದರೆ ಹೂಂ, ಕಥೆ ಕೇಳುವಾಗ ಹೂಂ, ಕಿವಿಗೇ ಹಾಕಿಕೊಳ್ಳದಿದ್ದರೂ ಹೂಂ.

ಕಸವನ್ನೆಲ್ಲ ವಾಪಸು ಸುರಿದುಕೊಂಡು ಕೂತಳು. ಅದರ ಜೊತೆ ಗಾಳಿಯೂ ಭೋರ್ ಅಂತ ಬಂತು. ಒಂದು ಹೂಂ ಸಿಕ್ಕಂತೆ ಆಗುವುದು, ಕೇಳಿದರೆ ಬರೀ ಗಾಳಿ. ಮತ್ತೆ ಮೊದಲಿಂದ. ಅವಳ ಗೈಡ್ ಶಿವಕುಮಾರಪ್ಪನವರು ಬಂದು, ಕೊಟ್ಟ ವರದಿಯನ್ನು ಯಾಕೆ ಕೆದಕುತ್ತೀ ಅಂತ ಬುದ್ಧಿ ಹೇಳಿದರು.

“ಹೂಂ ಅನ್ನೋದು ಮಾತೇ ಅಲ್ಲ ಕಣಮ್ಮ.”

“ದುರುಗೇಶ್ ಅದನ್ನ ಮಾತು ಅಂತಲೇ ನಂಬಿದ್ದು ಸಾರ್,” ಅಂದಳು, ತಲೆ ಎತ್ತದೆ.

ಕೊನೆಗೂ ದನಿಗಳು ಬಿಡಿಬಿಡಿಯಾದವು. ಒಂದರಲ್ಲಿ ದುರುಗೇಶ್, ‘ಬಿಚ್ಚಲೇನ್ರೀ?’ ಇನ್ನೊಂದರಲ್ಲಿ, ಅದೇ ಗಳಿಗೆಯಲ್ಲಿ, ಕೊಟ್ರೇಶ್ ಪಕ್ಕದಲ್ಲಿ ಯಾರನ್ನೋ ಕೇಳುತ್ತಿದ್ದಾನೆ, ‘ಮಂಡಕ್ಕಿ ಮೆಣಸಿನಕಾಯಿ ತರಿಸಲಾ?’ ಮೂರನೆಯದರಲ್ಲಿ ಬರೀ ಒಂದು ಹೂಂ. ಉದ್ದಕ್ಕೆ ಎಳೆದ, ಸೋಮಾರಿ ಹೆಣ್ಣುದನಿ. ಆವತ್ತು ಗುಡ್ಡದ ಮೇಲಿದ್ದ ಹೆಂಗಸು ಒಬ್ಬಳೇ. ವಾಕಿಟಾಕಿಯ ಗುಂಡಿ ಒತ್ತಿಕೊಂಡೇ ಇರುವ ತನ್ನ ಕೆಟ್ಟ ಚಾಳಿ ಅವಳಿಗೆ ನೆನಪಾಯಿತು. ಮಂಡಕ್ಕಿಗೆ ಅಂದ ಹೂಂ ಟವರಿನ ಮೇಲಕ್ಕೆ ಹೋಗಿತ್ತು.

ಇದನ್ನು ಅವಳು ಬಿಟ್ಟು ಬೇರೆ ಯಾರೂ ಕೇಳಿರಲಿಲ್ಲ. ಮತ್ತೆ ಕಸಕ್ಕೆ ಎಸೆಯಲು ಒಂದು ಬೆರಳು ಸಾಕಿತ್ತು. ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಆದರೆ ಹಿಡಿದದ್ದನ್ನು ಬಿಡುವ ಜಾತಿಯೇ ಅಲ್ಲ ಅವಳು.

ವಿಚಾರಣೆಯ ದಿನ ಪ್ರಿನ್ಸಿಪಾಲರ ಮುಂದೆ ಮೂರೂ ದನಿಗಳನ್ನು ಕೇಳಿಸಿದಳು. ಮಂಡಕ್ಕಿಯ ಮಾತಿಗೆ ಕಂಟ್ರಾಕ್ಟರ್ ನಕ್ಕ, ಹೂಂ ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತ. ಕೊಟ್ರೇಶ್ ಮುಖ ತಗ್ಗಿಸಿದ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದ ದುರುಗೇಶ್ ಮಾತ್ರ ಅವಳನ್ನೇ ನೋಡುತ್ತಿದ್ದ.

“ಇದು ನಿಮ್ಮ ದನಿಯೇನಮ್ಮ?” ಅಂತ ಪ್ರಿನ್ಸಿಪಾಲರು ಕೇಳಿದರು.

ಗಂಟಲಿಗೆ ಬಂದದ್ದು ಹೂಂ ಅಂತಲೇ. ಮೇಘಶ್ರೀ ಅದನ್ನು ನುಂಗಿಕೊಂಡು ಎದ್ದು ನಿಂತಳು.

“ಹೌದು ಸಾರ್, ನನ್ನದೇ. ದುರುಗೇಶ್ ಅವರು ಕೇಳಿಯೇ ಬಿಚ್ಚಿದ್ದು.”